ದಾರಿ ತೋರುವ ಮಂತ್ರಕ್ಕೂ ಉಂಟು ಎಲ್ಲೆ

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಮಾತಿನಲ್ಲೇ ಕಥೆ ಕಟ್ಟುವ ಪಾತ್ರಾಭಿನಯದ ಆಟಗಳಲ್ಲಿ ಮಂತ್ರವೆಂಬುದು ಬರಿಯ ಅಲಂಕಾರವಲ್ಲ. ಪ್ರತಿ ಮಂತ್ರಕ್ಕೂ ಬರೆದಿಟ್ಟ ನಿಯಮವಿದೆ. ಆ ನಿಯಮದ ಒಂದೊಂದು ಪದವೂ ಚರ್ಚೆಗೆ ಗ್ರಾಸವಾಗಬಲ್ಲದು. ಹೀಗೆ ಚರ್ಚೆ ಹುಟ್ಟಿಸುವ ಮಂತ್ರಗಳಲ್ಲೊಂದು 'ಫೈಂಡ್ ದಿ ಪಾತ್', ಅರ್ಥಾತ್ ದಾರಿ ಕಂಡುಕೊಳ್ಳುವ ಮಂತ್ರ.

ಹಿನ್ನೆಲೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆಟಗಾರರು ತಲಾ ಒಂದು ಪಾತ್ರ ವಹಿಸುತ್ತಾರೆ. ಡಂಜನ್ ಮಾಸ್ಟರ್ ಎಂಬ ಸೂತ್ರಧಾರ ಉಳಿದ ಲೋಕವನ್ನೆಲ್ಲ ನಡೆಸುತ್ತಾನೆ. ನಿಯಮಗಳ ಅರ್ಥ ನಿರ್ಣಯವೂ ಆತನದೇ. 1978ರ ಆಟಗಾರರ ಕೈಪಿಡಿಯಲ್ಲಿಯೇ ಈ ಮಂತ್ರ ಪುರೋಹಿತ ಪಾತ್ರದ 6ನೇ ಶ್ರೇಣಿಯಲ್ಲಿ ಸ್ಥಾನ ಪಡೆದಿತ್ತು. ಮುಂದಿನ ಆವೃತ್ತಿಗಳಲ್ಲಿ ಹೆಸರು ಉಳಿಯಿತು, ಶಕ್ತಿ ಬದಲಾಯಿತು. ವಾದಗಳ ಮೂಲ ಬಹುಮಟ್ಟಿಗೆ ಇಲ್ಲಿದೆ.

ಹೆಸರೊಂದು, ಶಕ್ತಿ ಬೇರೆ

2003ರ 3.5 ಆವೃತ್ತಿಯಲ್ಲಿ ಮಂತ್ರ ಬಹು ಉದಾರಿ. ಒಂದು ತಾಣದ ಒಳಹೋಗುವ ಹಾದಿಯನ್ನಷ್ಟೇ ಅಲ್ಲ, ಹೊರಬರುವ ಹಾದಿಯನ್ನೂ ಅದು ತೋರುತ್ತಿತ್ತು. ಅಭಿಮನ್ಯುವಿಗೆ ಇಲ್ಲದೆ ಹೋದ ವಿದ್ಯೆಯದು! ದಾರಿಯಲ್ಲಿ ಕಾಲಿಗೆ ತೊಡರುವಂತೆ ಕಟ್ಟಿದ ತಂತಿಯನ್ನೂ, ಕಾವಲು ಲಿಪಿಯನ್ನು ದಾಟಿಸುವ ಗುಪ್ತಪದವನ್ನೂ ಅದು ತಿಳಿಸುತ್ತಿತ್ತು. ಆದರೆ ಅವಧಿ ಪಾತ್ರದ ಪ್ರತಿ ಹಂತಕ್ಕೆ 10 ನಿಮಿಷ ಮಾತ್ರ. ಎಂದರೆ 11ನೇ ಹಂತದ ಪುರೋಹಿತನಿಗೆ 110 ನಿಮಿಷ.

2009ರಲ್ಲಿ ಬಂದ 'ಪಾತ್‌ಫೈಂಡರ್' ಆಟ ಇದೇ ಮಂತ್ರಕ್ಕೆ ಬೇರೊಂದು ಬೇಲಿ ಹಾಕಿತು. ಗುರಿ ಪ್ರಮುಖ ಸ್ಥಳವೇ ಆಗಿರಬೇಕು. ಬೇಟೆಗಾರನ ಗುಡಿಸಲು ಸಲ್ಲದು, ಮರ ಕಡಿಯುವವರ ಶಿಬಿರ ಸಲ್ಲುತ್ತದೆ.

2014ರ ಐದನೆಯ ಆವೃತ್ತಿಯಲ್ಲಿ ಅವಧಿ ಒಂದು ದಿನದವರೆಗೆ ಹಿಗ್ಗಿತು, ಅನುಗ್ರಹ ಕುಗ್ಗಿತು. ಗುರಿಯ ದಿಕ್ಕು ಮತ್ತು ದೂರ ತಿಳಿಯುತ್ತವೆ. ಕವಲು ಎದುರಾದಾಗ ಯಾವುದು ಹತ್ತಿರದ ದಾರಿ ಎಂಬುದು ತಿಳಿಯುತ್ತದೆ. ತಂತಿ, ಗುಪ್ತಪದಗಳ ಮಾತಿಲ್ಲ. ಮಂತ್ರ ಹಾಕಿದವನು ಏಕಾಗ್ರತೆ ಕಾಯ್ದುಕೊಳ್ಳಬೇಕು. ಏಟು ಬಿದ್ದರೆ ದಾಳದ ಪರೀಕ್ಷೆ, ಸೋತರೆ ಮಂತ್ರ ಅಲ್ಲಿಗೇ ಭಗ್ನ. ಹಳೆಯ ಆವೃತ್ತಿಯಲ್ಲಿ ಪಳಗಿದ ಆಟಗಾರನು ಹೊಸದರಲ್ಲಿ ಗುಪ್ತಪದ ಕೇಳಿದರೆ ಜಗಳ ಸಹಜ.

ವಿವಾದದ ಪದಗಳು

ಸ್ಥಿರ, ನಿರ್ದಿಷ್ಟ: ಚಲಿಸುವ ಕೋಟೆ, ಬೇರೆ ಲೋಕದ ತಾಣ, ಹೆಸರಿಲ್ಲದ 'ಯಾವುದೋ ಡ್ರ್ಯಾಗನ್‌ನ ಗುಹೆ' ಇವುಗಳಿಗೆ ಐದನೆಯ ಆವೃತ್ತಿಯ ಮಂತ್ರ ಫಲಿಸದು. ವ್ಯಕ್ತಿಯನ್ನು ಹುಡುಕಲೂ ಬಾರದು. ಕಳ್ಳನ ಮನೆಗೆ ದಾರಿ ಸಿಕ್ಕೀತು, ಕಳ್ಳ ಮನೆಯಲ್ಲಿದ್ದಾನೆಯೇ ಎಂಬುದು ತಿಳಿಯದು.

ಪರಿಚಿತ: ಗುರಿ ಪರಿಚಿತವಾಗಿರಬೇಕು ಎನ್ನುವ ಪಠ್ಯ, ಎಷ್ಟು ಪರಿಚಿತ ಎಂದು ಹೇಳುವುದಿಲ್ಲ. ನಕ್ಷೆಯಲ್ಲಿ ನೋಡಿದ್ದು ಸಾಕೇ? ಅದೇ ಕೈಪಿಡಿಯ 'ಟೆಲಿಪೋರ್ಟ್' ಮಂತ್ರವು ಚೆನ್ನಾಗಿ ಬಲ್ಲ ತಾಣ, ಒಮ್ಮೆ ಕಂಡ ತಾಣ, ವರ್ಣನೆ ಕೇಳಿದ ತಾಣ ಎಂದು ಪರಿಚಯವನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದೆ. ಸೂತ್ರಧಾರನು ಅದನ್ನು ಅಳತೆಗೋಲಾಗಿ ಬಳಸಬಹುದು, ಆದರೆ ಅದು ಕಡ್ಡಾಯವಲ್ಲ. ಗುರಿಯ ಸ್ಥಳದಿಂದ ತಂದ ಒಂದು ವಸ್ತುವೂ ಬೇಕೆಂದು 2014ರ ಪಠ್ಯ ಹೇಳುವುದರಿಂದ, ಬರಿಯ ಕೇಳಿಕೆಯ ಪರಿಚಯ ಸಾಲದೆಂಬ ವಾದಕ್ಕೆ ಬಲವಿದೆ.

ಹತ್ತಿರದ್ದು: ಹತ್ತಿರದ ದಾರಿ ಕ್ಷೇಮದ ದಾರಿಯಾಗಬೇಕಿಲ್ಲ ಎಂದು ಪಠ್ಯವೇ ಎಚ್ಚರಿಸುತ್ತದೆ. ರಾಕ್ಷಸರ ಬೀಡಿನ ನಡುವೆ ಹಾದುಹೋದರೂ ಮಂತ್ರ ಸುಳ್ಳಾಡಿದಂತಲ್ಲ. 3.5 ಆವೃತ್ತಿಯೂ ಕಾವಲುಗಾರರ ನಡೆಯನ್ನು ಮಂತ್ರ ಮುಂಗಾಣದೆಂದು ಸ್ಪಷ್ಟಪಡಿಸಿತ್ತು.

ಗುಪ್ತದ್ವಾರ: ಕಣ್ಣಿಗೆ ಬೀಳದ ಬಾಗಿಲು ಕವಲಾದೀತೇ? ಕವಲು ಎದುರಾದಾಗ ಎಂಬ ಮಾತನ್ನು ಬಿಗಿಯಾಗಿ ಓದಿದರೆ, ಕಾಣದ ಬಾಗಿಲು ಕವಲಲ್ಲ. ಮಂತ್ರ ತೋರುವುದೇ ಅತಿ ಹತ್ತಿರದ ದಾರಿ ಎಂಬ ಮೊದಲ ಮಾತನ್ನು ಹಿಡಿದರೆ, ಬಾಗಿಲಿನ ಸುಳಿವು ಸಿಗಲೇಬೇಕು. ಎರಡೂ ಓದಿಗೆ ಆಧಾರವಿದೆ. ಬಾಗಿಲಿರುವ ಗೋಡೆಯತ್ತ ಸೆಳೆತ ಉಂಟಾಗಲಿ, ತೆರೆಯುವ ಉಪಾಯವನ್ನು ಆಟಗಾರರೇ ಹುಡುಕಲಿ ಎಂಬುದು ನಡುದಾರಿ.

ತೂಗಿ ನೋಡಬೇಕಾದದ್ದು

ಐದನೆಯ ಆವೃತ್ತಿಯಲ್ಲಿ 11ನೇ ಹಂತದ ಪುರೋಹಿತನಿಗೆ 6ನೇ ಶ್ರೇಣಿಯ ಮಂತ್ರ ದಿನಕ್ಕೆ ಒಂದೇ ಬಾರಿ ಲಭ್ಯ. ಆ ಒಂದನ್ನು ವ್ಯಯಿಸಿದ ಆಟಗಾರನಿಗೆ ಸೂತ್ರಧಾರನು ಕುಂಟುನೆಪ ಹೇಳಿ ಬರಿಗೈಯಲ್ಲಿ ಕಳಿಸಿದರೆ ಅದು ಅನ್ಯಾಯ. ಹಾಗೆಂದು ಕೇಳಿದ್ದನ್ನೆಲ್ಲ ಕೊಟ್ಟರೆ ಚಕ್ರವ್ಯೂಹವು ರಾಜಬೀದಿಯಾಗಿ, ಆಟದ ಸಾಹಸವೇ ಇಲ್ಲವಾಗುತ್ತದೆ. ಆದ್ದರಿಂದ ಯಾವ ಆವೃತ್ತಿಯ ಪಠ್ಯ, ಯಾವ ಪದಕ್ಕೆ ಯಾವ ಅರ್ಥ ಎಂಬುದನ್ನು ಮಂತ್ರ ಹಾಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಉಚಿತ. ಬಳಿಕ ಬದಲಿಸಿದ ವ್ಯಾಖ್ಯಾನ ಎಷ್ಟೇ ಸರಿಯಿದ್ದರೂ ಮೋಸದಂತೆ ತೋರುತ್ತದೆ.

ಎಲ್ಲಿದೆ, ಎಷ್ಟು ದೂರ, ಯಾವ ಕಡೆಗೆ ಎಂಬ ಪ್ರಶ್ನೆಗಳಿಗೆ ಮಂತ್ರ ಉತ್ತರಿಸುತ್ತದೆ. ಹೋಗಬೇಕೇ ಬೇಡವೇ ಎಂಬುದು ಆಟಗಾರರಿಗೆ ಬಿಟ್ಟದ್ದು.