ಋಣಕ್ಕೆ ಮೂಲವಿಲ್ಲವೆಂದ ಆಚಾರ್ಯರು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಶಾಂತಿನಾಥ ಬಸದಿಯಿದೆ. ಸೊರಬ ತಾಲ್ಲೂಕಿನ ಕುಪ್ಪಟೂರು, ಉದ್ರಿಗಳ ಜಿನಾಲಯಗಳನ್ನು ಶಾಸನಗಳು ನೆನೆಯುತ್ತವೆ. ಬಸದಿಗೆ ಬಿಟ್ಟ ಭೂಮಿಯನ್ನು ಮತ್ತರುಗಳಲ್ಲಿ ಎಣಿಸಿ ಕಲ್ಲಿನಲ್ಲಿ ಬರೆಸಿದ ನಾಡಿದು. ದಾನವು ಉಳಿಯುವುದಕ್ಕೆ ಭಕ್ತಿಯಷ್ಟೇ ಸಾಲದು, ಸತ್ಯವಾದ ಲೆಕ್ಕವೂ ಬೇಕು.

ಒಂಬತ್ತನೆಯ ಶತಮಾನದಲ್ಲಿ ಈ ಬನವಾಸಿ ನಾಡು ರಾಷ್ಟ್ರಕೂಟರ ಅಧೀನದಲ್ಲಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ವರ್ಗಸಮೀಕರಣವನ್ನು ಕಲಿಯುವ ನಮ್ಮ ಮಕ್ಕಳು ಇಂದು ಬಳಸುವ ವರ್ಗ, ಮೂಲ, ಧನ, ಋಣ ಎಂಬ ಶಬ್ದಗಳು ಅಲ್ಲಿಯೇ ಇವೆ.

ಆ ಗ್ರಂಥದ ಒಂದು ಲೆಕ್ಕ ಹೀಗಿದೆ: ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿದೆ, ಉಳಿದ 15 ನದೀತೀರದಲ್ಲಿವೆ. ಒಟ್ಟು ಎಷ್ಟು? ವರ್ಗಮೂಲವನ್ನು ‘ಯ’ ಎಂದುಕೊಂಡರೆ ಇಂದಿನ ರೂಪದಲ್ಲಿ 3ಯ² − 8ಯ − 60 = 0 ಎಂದಾಗುತ್ತದೆ. ಅವ್ಯಕ್ತದ ಗರಿಷ್ಠ ಘಾತ ಎರಡಾದುದರಿಂದ ಇದು ವರ್ಗಸಮೀಕರಣ. ಇದಕ್ಕೆ ಎರಡು ಮೂಲಗಳು: 6 ಮತ್ತು −10/3. ಆರರ ವರ್ಗ 36. ಕಾಡಿನಲ್ಲಿ 9, ಬೆಟ್ಟದಲ್ಲಿ 12, ತೀರದಲ್ಲಿ 15. ಲೆಕ್ಕ ಸರಿಹೋಯಿತು. ಇನ್ನೊಂದು ಮೂಲವು ಸಮೀಕರಣಕ್ಕೆ ಹೊಂದಿದರೂ ಹಿಂಡಿಗೆ ಹೊಂದದು. ಸೂತ್ರವು ಕೊಟ್ಟುದೆಲ್ಲವೂ ಉತ್ತರವಲ್ಲ. ವಸ್ತುಸ್ಥಿತಿಯೊಡನೆ ಒರೆಹಚ್ಚಿ ಸ್ವೀಕರಿಸಬೇಕು.

ಕೆಲವು ವರ್ಗಸಮೀಕರಣಗಳಲ್ಲಿ ವರ್ಗಮೂಲ ತೆಗೆಯಬೇಕಾದ ಸಂಖ್ಯೆಯೇ ಋಣವಾಗುತ್ತದೆ. ಈ ಸಂಖ್ಯೆಯನ್ನು ಇಂದು ಶೋಧಕವೆನ್ನುತ್ತೇವೆ. ಋಣರಾಶಿಯು ಸ್ವಭಾವತಃ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದರು. ಬಾರದ ಉತ್ತರವನ್ನು ಅವರು ಬಲವಂತದಿಂದ ತರಿಸಲಿಲ್ಲ.

ಇಟಲಿಯ ಬೊಂಬೆಲ್ಲಿ 1572ರ ತನ್ನ ಬೀಜಗಣಿತ ಗ್ರಂಥದಲ್ಲಿ ಅಂತಹ ಮೂಲಗಳಿಗೂ ನಿಯಮಗಳನ್ನು ಕೊಟ್ಟನು. ಹಾಗಾದರೆ ಆಚಾರ್ಯರ ಮಾತು ಸುಳ್ಳಾಯಿತೇ? ಇಲ್ಲ. ವಾಸ್ತವ ಸಂಖ್ಯೆಗಳ ದೃಷ್ಟಿಯಿಂದ ಅದು ಇಂದಿಗೂ ಸತ್ಯ. ಬೊಂಬೆಲ್ಲಿಯದು ಮತ್ತೊಂದು ಸಂಖ್ಯಾಲೋಕದ ಮಾತು. ಯಾವ ನಯದಿಂದ ನುಡಿಯುತ್ತಿದ್ದೇವೆಂದು ಅರಿತು ನುಡಿಯುವುದೇ ಅನೇಕಾಂತದ ಪಾಠವಲ್ಲವೇ?

ನಮ್ಮ ಜಿಲ್ಲೆಯದೇ ಆದ ಹೊಂಬುಜದಿಂದ ಈ ಗ್ರಂಥವು ಕನ್ನಡ ಅನುವಾದದೊಡನೆ 2000ದಲ್ಲಿ ಪ್ರಕಟವಾಗಿದೆ. ಮಕ್ಕಳ ಕೈಗೆ ಅದನ್ನು ಕೊಡೋಣ. ಇರುವುದನ್ನು ಇದೆಯೆಂದೂ ಇಲ್ಲದುದನ್ನು ಇಲ್ಲವೆಂದೂ ಹೇಳುವ ಸತ್ಯವ್ರತವನ್ನು ಅವರು ಲೆಕ್ಕದ ಪುಟದಿಂದಲೇ ಕಲಿಯಲಿ.