ನಗದು ಪುಸ್ತಕದಿಂದ ಅಢಾವೆ ಪತ್ರಿಕೆಗೆ: ಚಿಕ್ಕಬಳ್ಳಾಪುರ ಸೀಮೆಯ ಪೌರಸಂಸ್ಥೆಗಳ ಲೆಕ್ಕಪದ್ಧತಿ

ಲೆಕ್ಕಪತ್ರ ಮಾನಕಗಳ ಚರಿತ್ರೆಯನ್ನು ಕಂಪನಿಗಳ ಚರಿತ್ರೆಯೆಂದೇ ಭಾವಿಸುವುದು ವಾಡಿಕೆ. ಭಾರತೀಯ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆಯು 1977ರಲ್ಲಿ ಮಾನಕ ಮಂಡಲಿಯನ್ನು ರಚಿಸಿದಾಗ ಅದರ ದೃಷ್ಟಿಯಿದ್ದುದು ಮುಖ್ಯವಾಗಿ ಉದ್ದಿಮೆಗಳ ಕಡೆಗೆ. ಅದೇ ತತ್ತ್ವಗಳು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಪಟ್ಟಣಗಳ ಪೌರಸಂಸ್ಥೆಗಳನ್ನು ತಲುಪಲು ಮೂರು ದಶಕಗಳೇ ಹಿಡಿದವು.

ಹಳೆಯ ಪದ್ಧತಿಯು ನಗದು ಆಧಾರಿತವಾಗಿತ್ತು. ಬಂದ ಹಣ ಜಮೆ, ಹೋದ ಹಣ ಖರ್ಚು. ವರ್ಷಾಂತ್ಯದಲ್ಲಿ ಉಳಿದದ್ದು ಶಿಲ್ಕು. ಮನೆ ಕಂದಾಯದ ಬೇಡಿಕೆ, ವಸೂಲಿ, ಬಾಕಿಗಳ ವಹಿ ಬೇರೆಯೇ ಇದ್ದು, ಅದರ ಬಾಕಿಯಾಗಲಿ, ಪಾವತಿಯಾಗದ ವಿದ್ಯುತ್ ಬಿಲ್ಲಾಗಲಿ ವಾರ್ಷಿಕ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಸಾಲದಲ್ಲಿ ಮುಳುಗಿದ ಸಂಸ್ಥೆಯೂ ಶಿಲ್ಕಿನ ಬಲದಿಂದ ಸುಸ್ಥಿತಿಯಲ್ಲಿರುವಂತೆ ತೋರಬಹುದಾಗಿತ್ತು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಪೌರಸಂಸ್ಥೆಗಳ ಹೊಣೆಯನ್ನು ಹಿಗ್ಗಿಸಿತು. 11ನೇ ಹಣಕಾಸು ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ ನಮೂನೆಗಳ ಸುಧಾರಣೆ ಆರಂಭವಾಗಿ, 2004ರಲ್ಲಿ ರಾಷ್ಟ್ರೀಯ ಪೌರ ಲೆಕ್ಕಪತ್ರ ಕೈಪಿಡಿ ಸಿದ್ಧವಾಯಿತು. ಕರ್ನಾಟಕವು 2006ರ ಪೌರಸಂಸ್ಥೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಮೂಲಕ ದ್ವಿನಮೂದು ಪದ್ಧತಿಯನ್ನು ವಿಧಿಸಿತು. ಮರುವರ್ಷವೇ, 2007ರಲ್ಲಿ, ಈ ನಾಲ್ಕೂ ಪಟ್ಟಣಗಳು ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು.

ಹೊಸ ಪದ್ಧತಿಯಲ್ಲಿ ಹಣ ಕೈಸೇರುವ ಮೊದಲೇ ಬರತಕ್ಕದ್ದು ಆದಾಯ, ಕೊಡತಕ್ಕದ್ದು ಹೊಣೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಇದರ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ. ನಗದು ಪುಸ್ತಕದಲ್ಲಿ ಕೊಳವೆಬಾವಿ ಕೊರೆಸಿದ್ದೂ ಟ್ಯಾಂಕರ್ ನೀರಿಗೆ ತೆತ್ತದ್ದೂ ಒಂದೇ ಬಗೆಯ ಖರ್ಚು. ಅಢಾವೆ ಪತ್ರಿಕೆಯಲ್ಲಾದರೋ ಕೊಳವೆಬಾವಿಯು ಆಸ್ತಿ. ಅದಕ್ಕೆ ವರ್ಷವರ್ಷವೂ ಸವಕಳಿ ಉಂಟು. ಬತ್ತಿಹೋದರೆ ಉಳಿದ ಮೌಲ್ಯವನ್ನು ನಷ್ಟವೆಂದು ಬರೆಯಲೇಬೇಕು. ಅಂತರ್ಜಲದ ಕುಸಿತವು ಹೀಗೆ ಊರಿನ ಲೆಕ್ಕಪತ್ರದಲ್ಲಿಯೂ ದಾಖಲಾಗುವ ಅವಕಾಶ ಒದಗಿತು.

ಆದರೆ ಮಾನಕವೊಂದೇ ಸತ್ಯವನ್ನು ಹೊರಗೆಡಹಲಾರದು. ಆಸ್ತಿ ವಹಿಯಲ್ಲಿ ಬತ್ತಿದ ಬಾವಿಯು ಜೀವಂತವಾಗಿಯೇ ಉಳಿದರೆ, ವಸೂಲಾಗದ ಹಳೆಯ ಬಾಕಿಗೆ ಮೀಸಲು ತೆಗೆದಿರಿಸದಿದ್ದರೆ, ಅಢಾವೆ ಪತ್ರಿಕೆಯು ನಗದು ಪುಸ್ತಕಕ್ಕಿಂತಲೂ ಹೆಚ್ಚು ದಾರಿ ತಪ್ಪಿಸಬಲ್ಲದು. ಏಕೆಂದರೆ ನಗದು ಪುಸ್ತಕವು ಸಂಪತ್ತನ್ನು ತೋರಿಸುವೆನೆಂದು ಎಂದೂ ಹೇಳಿರಲಿಲ್ಲ. ಲೆಕ್ಕಿಗನು ಬರೆದದ್ದನ್ನು ಬಾವಿಯ ಬಳಿ ಹೋಗಿ ತಾಳೆನೋಡುವ ಅಭಿಯಂತರ, ಆ ಪತ್ರಿಕೆಯನ್ನು ಓದಿ ಸಭೆಯಲ್ಲಿ ಪ್ರಶ್ನಿಸುವ ಸದಸ್ಯ, ಇವರಿಬ್ಬರಿದ್ದಾಗಲೇ ಈ ಸುಧಾರಣೆಯು ಸಾರ್ಥಕವಾಗುತ್ತದೆ.