ಸಣ್ಣ ಸಾಹಿತ್ಯ ಪತ್ರಿಕೆ ಅಂದ್ರೆ ಏನು? ಎಚ್.ಡಿ. ಕೋಟೆ ಕಡೆಗೂ ಇದೆ ಅದರ ನಂಟು

ಗುರುಪುರ: ದೊಡ್ಡ ಸಂಸ್ಥೆಯ ಬೆಂಬಲವಿಲ್ಲದೆ, ಚಂದಾ ಹಣ ಮತ್ತು ಸಂಪಾದಕರ ಸ್ವಂತ ಜೇಬು ನೆಚ್ಚಿಕೊಂಡು ನಡೆಯೋ ಪತ್ರಿಕೆಯೇ ಸಣ್ಣ ಸಾಹಿತ್ಯ ಪತ್ರಿಕೆ. ಜನಪ್ರಿಯ ವಾರಪತ್ರಿಕೆಗಳು ಹಾಕಲು ಹಿಂದೆಮುಂದೆ ನೋಡುವ ಹೊಸ ಬಗೆಯ ಕತೆ, ಕವಿತೆ, ವಿಮರ್ಶೆಗೆ ಜಾಗ ಕೊಡುವುದು ಇದರ ಕೆಲಸ. ಹೆಚ್ಚಿನವು ಮೂರು ತಿಂಗಳಿಗೊಮ್ಮೆ ಬರುತ್ತಿದ್ದವು.

ಮುಖ್ಯ ಪತ್ರಿಕೆಗಳು

ಸಾಕ್ಷಿ: ಕವಿ ಗೋಪಾಲಕೃಷ್ಣ ಅಡಿಗರು 1962ರಲ್ಲಿ ಶುರು ಮಾಡಿದ್ದು. ಹಳೆಯ ಛಂದಸ್ಸು ಬಿಟ್ಟು ಆಡುಮಾತಿನ ಲಯದಲ್ಲಿ ಬರೆಯುತ್ತಿದ್ದ ನವ್ಯರಿಗೆ ಇದೇ ವೇದಿಕೆ.

ಸಂಕ್ರಮಣ: 1964ರಲ್ಲಿ ಧಾರವಾಡದಿಂದ ಹೊರಟಿತು. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ಕಟ್ಟಿದ್ದು.

ರುಜುವಾತು: ಯು.ಆರ್. ಅನಂತಮೂರ್ತಿ ಮೈಸೂರಿನಲ್ಲಿದ್ದಾಗ 1981ರಲ್ಲಿ ಆರಂಭಿಸಿದರು.

ದೇಶ ಕಾಲ: 2005ರಲ್ಲಿ ವಿವೇಕ ಶಾನಭಾಗ ಆರಂಭಿಸಿದರು.

ನಮ್ಮ ಕಡೆಯವರು

ಎಚ್.ಡಿ. ಕೋಟೆ ತಾಲ್ಲೂಕಿನ ಆಲನಹಳ್ಳಿಯ ಶ್ರೀಕೃಷ್ಣ ಆಲನಹಳ್ಳಿ (1947–1989) ‘ಸಮೀಕ್ಷಕ’ ಅನ್ನೋ ಸಾಹಿತ್ಯ ಪತ್ರಿಕೆಯ ಸಂಪಾದಕರಾಗಿದ್ದರು. ಇವರ ‘ಕಾಡು’ ಕಾದಂಬರಿಯನ್ನು ಗಿರೀಶ್ ಕಾರ್ನಾಡ್ 1973ರಲ್ಲಿ ಸಿನಿಮಾ ಮಾಡಿದರು. ‘ಪರಸಂಗದ ಗೆಂಡೆತಿಮ್ಮ’ 1978ರಲ್ಲಿ ತೆರೆಗೆ ಬಂತು, ಲೋಕೇಶ್ ನಾಯಕ. ಸಿನಿಮಾ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ಬರೆದವರು ಪತ್ರಿಕೆಯನ್ನೂ ನಡೆಸಿದ್ದರು ಅನ್ನೋದು ಗೊತ್ತಿರೋರು ಕಡಿಮೆ. ನಮ್ಮ ಹಳ್ಳಿಗಳ ಮಾತು ಪುಸ್ತಕದಲ್ಲಿ ಹಾಗೇ ನಿಲ್ಲಬಹುದು ಅಂತ ತೋರಿಸಿದವರಲ್ಲಿ ಇವರೂ ಒಬ್ಬರು.

ಯಾಕೆ ನಿಲ್ಲುತ್ತವೆ?

ಕಾಗದ, ಅಚ್ಚು, ಅಂಚೆ ಖರ್ಚು ಏರುತ್ತಲೇ ಹೋಗುತ್ತೆ. ವರ್ಷ ಮುಗಿದ ಮೇಲೆ ಚಂದಾ ನೆನಪಿಸಿದರೂ ಹಣ ಬರಲ್ಲ. ಸಾಲ ಬರೆದಿಟ್ಟು ವಸೂಲಿಗೆ ಅಲೆಯುವ ಅಂಗಡಿಯವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಕೆಲಸ ಒಬ್ಬರ ಹೆಗಲ ಮೇಲಿದ್ದರೆ, ಅವರು ದಣಿದ ದಿನ ಪತ್ರಿಕೆಯೂ ನಿಲ್ಲುತ್ತೆ.

ಹಳೆಯ ಸಂಚಿಕೆ ಸಿಕ್ಕರೆ

ಪುಸ್ತಕವಾದರೆ ಮರುಮುದ್ರಣ ಆಗಬಹುದು, ಸಂಚಿಕೆಗಳಿಗೆ ಆ ಭಾಗ್ಯ ಅಪರೂಪ. ಅದರಲ್ಲಿ ಮಾತ್ರ ಬಂದ ಬರಹ ಅದರೊಂದಿಗೇ ಹೋಗುತ್ತೆ. ಅಟ್ಟ ಖಾಲಿ ಮಾಡುವಾಗ, ರದ್ದಿ ತೂಕಕ್ಕೆ ಹಾಕುವಾಗ, ಪೊಟ್ಟಣ ಕಟ್ಟಲು ಹಾಳೆ ಹರಿಯುವಾಗ ಮೇಲಿನ ಹೆಸರು ಕಂಡರೆ ತೆಗೆದಿಡಿ. ಹತ್ತಿರದ ಕಾಲೇಜಿನ ಕನ್ನಡ ಮೇಷ್ಟ್ರನ್ನು ಅಥವಾ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯನ್ನು ಕೇಳಿ ನೋಡಬಹುದು. ರದ್ದಿಗೆ ಸಿಗೋದು ಕೆಲವು ರೂಪಾಯಿ. ಹೋದ ಸಂಚಿಕೆ ಮತ್ತೆ ಸಿಗಲ್ಲ.